ಥಾರ್, ಜಿಮ್ನಿ, ಗೂರ್ಖಾ, ಹಳೇ ಜೀಪು: ಎರೆ ಸೀಮೆಗೆ ಯಾವುದು ಸರಿ?

ದಾವಣಗೆರೆ, ಚಿತ್ರದುರ್ಗದ ಕಡೆಯ ಓದುಗರಿಂದ ಇತ್ತೀಚೆಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಫೋರ್ ಬೈ ಫೋರ್ ಗಾಡಿ ತಗೋಬೇಕು ಅಂತಿದೀನಿ. ಯಾವುದು ತಗೊಳ್ಳಲಿ?" ಫೋರ್ ಬೈ ಫೋರ್ ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಶಕ್ತಿ ಹೋಗುವ ಗಾಡಿ. ಕೇಳುವವರಲ್ಲಿ ಮೆಕ್ಕೆಜೋಳ ಬೆಳೆಯುವವರಿದ್ದಾರೆ, ಅಡಿಕೆ ತೋಟದವರಿದ್ದಾರೆ, ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ಶನಿವಾರ ಊರಿಗೆ ಬರುವ ಹುಡುಗರಿದ್ದಾರೆ. ಎಲ್ಲರೂ ನಾಲ್ಕು ಜನರನ್ನು ವಿಚಾರಿಸಿದ್ದಾರೆ, ನಾಲ್ಕು ಉತ್ತರ ಸಿಕ್ಕಿದೆ, ಈಗ ತಲೆ ಕೆಟ್ಟಿದೆ.

ಈ ಗಾಡಿ ಇಟ್ಟುಕೊಂಡವರನ್ನು ಕೇಳಿದರೆ ಹಾಗಾಗುವುದೇ. ನಮ್ಮ ಗೆಳೆಯರ ಗುಂಪನ್ನೇ ನೋಡಿ. ಬೆಣ್ಣೆ ದೋಸೆಗೆ ಅಂತ ಸೇರಿದರೆ ದೋಸೆ ಬರುವಷ್ಟರಲ್ಲಿ ವಾದ ಶುರುವಾಗಿರುತ್ತದೆ. ಮಹೀಂದ್ರಾ ಥಾರ್‌ನವರು ಮಾರುತಿ ಜಿಮ್ನಿಯನ್ನು "ಆಟದ ಸಾಮಾನು" ಅಂತಾರೆ. ಜಿಮ್ನಿಯವರು ಥಾರನ್ನು "ಮೆರವಣಿಗೆ ಗಾಡಿ" ಅಂತಾರೆ. ಫೋರ್ಸ್ ಕಂಪನಿಯ ಗೂರ್ಖಾದವರದ್ದು ಯಾವಾಗಲೂ ಒಂದೇ ಮಾತು: "ನಿಮಗೆ ಲಾಕ್ ಎರಡಿದೆಯೇನ್ರಪ್ಪಾ?" ಹಳೇ ಜೀಪಿನ ಅಣ್ಣ ಎಲ್ಲ ಕೇಳಿಸಿಕೊಂಡು ಕೊನೆಗೆ, "ನಿಮ್ಮವು ಕೆಟ್ಟರೆ ಕಂಪ್ಯೂಟರ್ ಬೇಕು, ನಂದಕ್ಕೆ ಸ್ಪ್ಯಾನರ್ ಸಾಕು" ಅಂತಾರೆ. ಆಮೇಲೆ ಎಲ್ಲರೂ ಒಟ್ಟಿಗೇ ಹೊರಡುತ್ತೇವೆ. ಒಬ್ಬರು ಸಿಕ್ಕಿಹಾಕಿಕೊಂಡರೆ ಇನ್ನೊಬ್ಬರು ಹಗ್ಗ ತರುತ್ತಾರೆ.

ನನ್ನ ಮನೆಯಲ್ಲಿರುವುದು ಜಿಮ್ನಿ. ಮೊದಲೇ ಹೇಳಿಬಿಡುತ್ತೇನೆ, ಓದುವಾಗ ಅದು ನೆನಪಿರಲಿ. ಉಳಿದ ಗಾಡಿಗಳನ್ನೂ ಓಡಿಸಿದ್ದೇನೆ, ಅವುಗಳ ಹಿಂದೆ ಮುಂದೆ ಹೊಲ, ಹಳ್ಳ ಸುತ್ತಿದ್ದೇನೆ. ನನಗೆ ಗೊತ್ತಾಗಿರುವುದು ಇಷ್ಟು: ಮೇಲಿನ ಒಂದೊಂದು ಚೇಷ್ಟೆ ಮಾತಿನಲ್ಲೂ ನಿಜ ಇದೆ. ಆದರೆ ಅದು ಒಂದು ಬಗೆಯ ಮಣ್ಣಿನಲ್ಲಿ, ಒಂದು ಬಗೆಯ ಮನೆಗೆ ಮಾತ್ರ ನಿಜ. ನಿಮ್ಮ ಮಣ್ಣು ಯಾವುದು, ಮನೆ ಎಂಥದು ಅಂತ ಮೊದಲು ನೋಡೋಣ.

ಮೊದಲು ಮಣ್ಣು

ಯೂಟ್ಯೂಬ್‌ನಲ್ಲಿ ಲಡಾಖ್ ನೋಡಿ, ರಾಜಸ್ಥಾನದ ಮರಳು ನೋಡಿ ಗಾಡಿ ಆರಿಸಬೇಡಿ. ನಮ್ಮ ಎರಡು ಜಿಲ್ಲೆಗಳಲ್ಲೇ ನಾಲ್ಕೈದು ತರದ ನೆಲ ಇದೆ. ಜಗಳೂರು, ಹಿರಿಯೂರು, ಚಿತ್ರದುರ್ಗದ ಸುತ್ತ ಕಪ್ಪು ಮಣ್ಣಿನ ಎರೆ ಹೊಲ ಬೇಕಾದಷ್ಟಿದೆ, ಅದರ ಪಕ್ಕದಲ್ಲೇ ಕೆಂಪು ಮಣ್ಣಿನ ಮಸಾರಿ ಹೊಲ. ದಾವಣಗೆರೆ, ಹರಿಹರ, ಮಲೇಬೆನ್ನೂರು ಕಡೆ ಭದ್ರಾ ನೀರಿನ ಗದ್ದೆ, ಇಕ್ಕಟ್ಟಾದ ನಾಲೆ ದಂಡೆ. ಚನ್ನಗಿರಿ ಕಡೆ ಅಡಿಕೆ ತೋಟದೊಳಗಿನ ದಾರಿ. ಇನ್ನು ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳಿಗೆ ಹೋಗುವ ಗರಸಿನ (ಸಣ್ಣ ಕಲ್ಲು ಬೆರೆತ ಮಣ್ಣಿನ) ದಾರಿ, ಕಡಿದಾದ ಏರು, ಉರುಳುವ ಕಲ್ಲು.

ಇವುಗಳಲ್ಲಿ ಗಾಡಿಯನ್ನು ನಿಜವಾಗಿ ಪರೀಕ್ಷೆ ಮಾಡುವುದು ಎರೆ. ಒಣಗಿದಾಗ ಬಿರುಕು ಬಿಟ್ಟು ಸಿಮೆಂಟಿನಷ್ಟು ಗಟ್ಟಿ ಇರುತ್ತದೆ. ಒಂದು ಹದ ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಅಂಟಾಗುತ್ತದೆ. ಹೋದ ಹಿಂಗಾರಿನಲ್ಲಿ ಜಗಳೂರು ಕಡೆಯ ಒಂದು ಬಂಡಿ ಜಾಡಿನಲ್ಲಿ ಗೆಳೆಯರ ಥಾರ್ ನಿಂತುಹೋಯಿತು. ಇಂಜಿನ್‌ನಲ್ಲಿ ದಮ್ ಇತ್ತು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತಿತ್ತು. ಆದರೆ ಟೈರಿನ ಹಲ್ಲು ಕಾಣದ ಹಾಗೆ ಮಣ್ಣು ಸುತ್ತಿಕೊಂಡು, ಮಡ್‌ಗಾರ್ಡ್‌ಗೂ ಟೈರಿಗೂ ಮಧ್ಯೆ ಒತ್ತಿ ತುಂಬಿಬಿಟ್ಟಿತ್ತು. ಕಡ್ಡಿಯಿಂದ ಕೆದರಿದರೆ ಬರಲಿಲ್ಲ. ಮಲಗಿಕೊಂಡು ಕೈಯಲ್ಲಿ ಉಂಡೆ ಉಂಡೆಯಾಗಿ ಕಿತ್ತು ತೆಗೆಯಬೇಕಾಯಿತು.

ಅದೇ ಜಾಡಿನಲ್ಲಿ ಗಾಳಿ ಇಳಿಸಿಕೊಂಡ ಜಿಮ್ನಿ ಆಚೆ ದಾಟಿತು. ಜಿಮ್ನಿಯವರೆಲ್ಲ ಹುಯಿಲೆಬ್ಬಿಸಿದೆವು. ಆದರೆ ಥಾರ್‌ಗೆ ಹಗ್ಗ ಕಟ್ಟಿ ಎಳೆಯಲು ಹೋದಾಗ ನಮ್ಮ ಗಾಡಿ ನಿಂತಲ್ಲೇ ನಾಲ್ಕೂ ಚಕ್ರ ತಿರುಗಿಸಿತೇ ಹೊರತು ಒಂದಿಂಚೂ ಎಳೆಯಲಿಲ್ಲ. "ದಾಟೋದು ದೊಡ್ಡದಲ್ಲ ಗುರು, ಎಳೆಯೋದು ದೊಡ್ಡದು" ಅಂದರು ಥಾರ್‌ನವರು. ಕೊನೆಗೆ ಪಕ್ಕದ ಹೊಲದವರ ಟ್ರ್ಯಾಕ್ಟರ್ ಬಂತು. ಹಗುರ ಮತ್ತು ಭಾರದ ನಡುವಿನ ಲೆಕ್ಕ ಆವತ್ತು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

ನಿಮ್ಮ ಹೊಲದ ದಾರಿ ಎರೆಯಾ, ಮಸಾರಿಯಾ, ಗರಸಾ? ಮಸಾರಿ ಅಥವಾ ಗರಸಾದರೆ ಮಳೆ ನಿಂತು ಸ್ವಲ್ಪ ಹೊತ್ತಿಗೆ ದಾರಿ ಬಿಟ್ಟುಕೊಡುತ್ತದೆ. ಅಲ್ಲಿಗೆ ಫೋರ್ ಬೈ ಫೋರ್ ಬೇಕೇ ಬೇಕು ಅಂತಿಲ್ಲ. ಈ ಮಾತಿಗೆ ಮುಂದೆ ಬರುತ್ತೇನೆ.

ಉಳಿದ ಪ್ರಶ್ನೆಗಳು ಚಿಕ್ಕವು, ಆದರೆ ಕೇಳಿಕೊಳ್ಳಲೇಬೇಕು. ಇದು ಮನೆಯ ಒಂದೇ ಗಾಡಿಯಾ, ಎರಡನೆಯದಾ? ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ? ದಿನಾ ಓಡುವುದು ಎಷ್ಟು, ಬೆಂಗಳೂರಿಗೆ ಹೆದ್ದಾರಿಯಲ್ಲಿ ತಿಂಗಳಿಗೆ ಎಷ್ಟು ಸಲ? ಕೆಟ್ಟರೆ ಯಾರ ಹತ್ತಿರ ಹೋಗುತ್ತೀರಿ? ಆಮೇಲೆ ದುಡ್ಡು. ಬರೀ ಷೋರೂಂ ಬೆಲೆ ನೋಡಬೇಡಿ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ 17, 20 ಲಕ್ಷ ದಾಟಿದರೆ ಶೇ 18, ಅದರ ಮೇಲೆ ಸೆಸ್. 15 ಲಕ್ಷದ ಗಾಡಿಗೆ ತೆರಿಗೆಯೇ ಎರಡೂವರೆ ಲಕ್ಷ ದಾಟುತ್ತದೆ. ವಿಮೆ ಬೇರೆ.

ಜಿಮ್ನಿ: ಹಗುರ ಇರುವುದೇ ಬಲ

ಐದು ಬಾಗಿಲಿನ ಜಿಮ್ನಿ 2023ರ ಜೂನ್‌ನಲ್ಲಿ ಬಂತು. ಆಗ ಷೋರೂಂ ಬೆಲೆ 12.74 ಲಕ್ಷದಿಂದ ಶುರುವಾಗುತ್ತಿತ್ತು. ತೂಕ ಸುಮಾರು 1,200 ಕೆಜಿ. ಥಾರ್ ಇದಕ್ಕಿಂತ ಹತ್ತಿರ ಹತ್ತಿರ ಅರ್ಧ ಟನ್ ಜಾಸ್ತಿ. ಅಗಲ 1,645 ಮಿ.ಮೀ. ನಾಲೆ ದಂಡೆ ಮೇಲೆ ಎದುರಿಗೆ ಟ್ರ್ಯಾಕ್ಟರ್ ಬಂದಾಗ, ಅಡಿಕೆ ಸಾಲಿನ ಪಕ್ಕ ತಿರುಗಿಸುವಾಗ ಈ ಅಗಲದ ಬೆಲೆ ಗೊತ್ತಾಗುತ್ತದೆ. ಥಾರ್ 1,820, ಐದು ಬಾಗಿಲಿನ ಥಾರ್ ರಾಕ್ಸ್ 1,870. ಕಾಗದದ ಮೇಲೆ ಸಣ್ಣ ಅಂತರ, ತೋಟದ ಬೇಲಿ ಪಕ್ಕದಲ್ಲಿ ದೊಡ್ಡ ಅಂತರ.

ಮಾರುವ ಜಿಮ್ನಿ ಎಲ್ಲವೂ ಫೋರ್ ಬೈ ಫೋರ್. ನಿಧಾನಕ್ಕೆ ಹೋಗುತ್ತಾ ಜಾಸ್ತಿ ಎಳೆತ ಕೊಡುವ ಲೋ ಗೇರ್ ಎಲ್ಲದರಲ್ಲೂ ಇದೆ. ಆರು ಏರ್‌ಬ್ಯಾಗ್ ಕೂಡ ಎಲ್ಲದರಲ್ಲೂ. ಯಾವ ವೇರಿಯಂಟ್ ತಗೊಂಡರೂ ಮೋಸ ಇಲ್ಲ ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ.

ಈಗ ಕೊರತೆ. 1.5 ಲೀಟರ್ ಪೆಟ್ರೋಲ್ ಇಂಜಿನ್, 105 ಪಿಎಸ್, 134 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ). ಡೀಸೆಲ್ ಇಲ್ಲ, ಟರ್ಬೊ ಇಲ್ಲ. ನಾಲ್ಕು ಜನ ಕೂತು ಎಸಿ ಹಾಕಿಕೊಂಡು ಹಿರಿಯೂರು ದಾಟಿ ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕಬೇಕು ಅಂದರೆ ಗೇರ್ ಇಳಿಸಲೇಬೇಕು. ಆಳದ ಅಂಟು ಮಣ್ಣಿನಲ್ಲೂ ಇದೇ ತೊಂದರೆ. ಅಲ್ಲಿ ಚಕ್ರ ಜೋರಾಗಿ ತಿರುಗಿ ಮಣ್ಣನ್ನು ಹಲ್ಲಿನಿಂದ ಎಸೆಯಬೇಕು, ಅದಕ್ಕೆ ಟಾರ್ಕ್ ಬೇಕು. ಮೇಲ್ಪದರ ಮಾತ್ರ ಕೆಸರಾಗಿ ಕೆಳಗೆ ಗಟ್ಟಿ ಇದ್ದರೆ ಜಿಮ್ನಿ ತೇಲಿದ ಹಾಗೆ ಹೋಗುತ್ತದೆ. ಕೆಳಗೂ ಮೆತ್ತಗಿದ್ದರೆ ಉಸಿರು ಕಟ್ಟುತ್ತದೆ.

ಡಿಫ್ ಲಾಕ್ (ಎಡ, ಬಲ ಚಕ್ರ ಎರಡೂ ಒಟ್ಟಿಗೇ ತಿರುಗುವ ಹಾಗೆ ಕಟ್ಟಿಹಾಕುವ ಲಾಕ್) ಇಲ್ಲ ಅಂತ ಗೂರ್ಖಾದವರು ಹಂಗಿಸುವುದು ನಿಜ. ಅದರ ಬದಲು ಬ್ರೇಕ್ ಮೂಲಕ ಕೆಲಸ ಮಾಡುವ ವ್ಯವಸ್ಥೆ ಇದೆ. ಒಂದು ಚಕ್ರ ಗಾಳಿಯಲ್ಲಿ ಸುಮ್ನೆ ತಿರುಗಿದರೆ ಗಾಡಿ ತಾನೇ ಆ ಚಕ್ರದ ಬ್ರೇಕ್ ಹಿಡಿದು ಇನ್ನೊಂದಕ್ಕೆ ಶಕ್ತಿ ಕಳಿಸುತ್ತದೆ. ಕಲ್ಲಿನ ದಾರಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಕ್ಷಣ ತಡ, ಅಷ್ಟೇ. ಆ ಕ್ಷಣದಲ್ಲಿ ಆಕ್ಸಿಲರೇಟರ್ ಬಿಡದೆ ಹಿಡಿದಿರಬೇಕು. ಹೊಸಬರು ಬಿಟ್ಟುಬಿಡುತ್ತಾರೆ.

40 ಲೀಟರ್ ಟ್ಯಾಂಕ್, ಡಿಕ್ಕಿ 208 ಲೀಟರ್ ಮಾತ್ರ. ಕಂಪನಿ ಹೇಳುವ ಮೈಲೇಜ್ ಮ್ಯಾನುಯಲ್‌ನಲ್ಲಿ 16.94. ಲೋ ಗೇರ್‌ನಲ್ಲಿ ಹೊಲ ಸುತ್ತಿದರೆ ಆ ಸಂಖ್ಯೆ ಮರೆತುಬಿಡಿ.

ಥಾರ್: ಯಾವ ಥಾರ್ ಅಂತ ಮೊದಲು ಕೇಳಿ

ಮೂರು ಬಾಗಿಲಿನ ಈಗಿನ ಥಾರ್ 2020ರ ಅಕ್ಟೋಬರ್ 2ರಂದು ಮಾರುಕಟ್ಟೆಗೆ ಬಂತು. ಅದಕ್ಕೂ ಮುಂಚೆ 2010ರ ಥಾರ್ ಇತ್ತು, ಅದು ಹೆಚ್ಚು ಕಡಿಮೆ ಜೀಪೇ. ಹೊಸದು ಎಲ್ಲರ ಮನೆಗೂ ಹೊಂದುವ ಹಾಗೆ ಆಯಿತು. 2.2 ಡೀಸೆಲ್ ಮತ್ತು 2.0 ಟರ್ಬೊ ಪೆಟ್ರೋಲ್, ಎರಡರಲ್ಲೂ 300 ಎನ್‌ಎಂ ಟಾರ್ಕ್ ಸಿಗುತ್ತದೆ. ಜಿಮ್ನಿಯ ಎರಡು ಪಟ್ಟಿಗೂ ಜಾಸ್ತಿ. ನೆಲದಿಂದ ಎತ್ತರ 226 ಮಿ.ಮೀ., 650 ಮಿ.ಮೀ. ನೀರಿನಲ್ಲಿ ಹೋಗಬಹುದು ಅಂತ ಕಂಪನಿಯೇ ಹೇಳುತ್ತದೆ. ಗ್ಲೋಬಲ್ ಎನ್‌ಕ್ಯಾಪ್‌ನ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ 2020ರಲ್ಲಿ ನಾಲ್ಕು ಸ್ಟಾರ್ ಬಂದಿದೆ.

ಇಷ್ಟು ಓದಿ ಷೋರೂಂಗೆ ಹೋದರೆ ಒಂದು ಕಡೆ ಎಡವುತ್ತೀರಿ. 2023ರ ಜನವರಿಯಿಂದ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ ಕೊಡುವ ಥಾರ್ ಕೂಡ ಮಾರುತ್ತಿದ್ದಾರೆ, 1.5 ಡೀಸೆಲ್‌ನಲ್ಲೂ ಇದೆ, ಪೆಟ್ರೋಲ್ ಆಟೋಮ್ಯಾಟಿಕ್‌ನಲ್ಲೂ ಇದೆ. ಹೊರಗಿನಿಂದ ನೋಡಿದರೆ ಅದೇ ಗಾಡಿ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಓಡಾಡುವ ಎಷ್ಟೋ ಥಾರ್‌ಗಳಲ್ಲಿ ಫೋರ್ ಬೈ ಫೋರ್ ಲಿವರೇ ಇಲ್ಲ. ಜಿಮ್ನಿಯವರು "ಮೆರವಣಿಗೆ ಗಾಡಿ" ಅನ್ನುವುದು ಇದಕ್ಕೇ.

ಬೆಲೆಯ ಅಂತರವೂ ಈಗ ಬೆಳೆದಿದೆ. 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆಯಲ್ಲಿ ನಾಲ್ಕು ಮೀಟರ್ ಒಳಗಿನ, 1500 ಸಿಸಿ ಒಳಗಿನ ಡೀಸೆಲ್ ಗಾಡಿಗೆ ತೆರಿಗೆ ಶೇ 18ಕ್ಕೆ ಇಳಿಯಿತು. 1.5 ಡೀಸೆಲ್ ಥಾರ್ ಆ ಲೆಕ್ಕಕ್ಕೆ ಬಂತು. 2.2 ಡೀಸೆಲ್‌ನ ಫೋರ್ ಬೈ ಫೋರ್‌ಗೆ ಇಳಿದರೂ ಶೇ 40 ಇದೆ. ಜಿಮ್ನಿಯ ಪೆಟ್ರೋಲ್ ಇಂಜಿನ್ 1200 ಸಿಸಿ ದಾಟುವುದರಿಂದ ಅದಕ್ಕೂ ಶೇ 40. "ಅದೇ ಥಾರ್, ಇಷ್ಟು ಕಮ್ಮಿಗೆ ಬರುತ್ತಲ್ಲ" ಅಂತ ಮನಸ್ಸು ಜಾರುವುದು ಸಹಜ. ನಿಮ್ಮದು ಊರೊಳಗಿನ ಓಡಾಟವಾದರೆ ಜಾರಲಿ, ತಪ್ಪಿಲ್ಲ. ಎರೆ ಹೊಲಕ್ಕೆ ಹೋಗುವವರು ಜಾರಬೇಡಿ.

ಡಿಫ್ ಲಾಕ್ ವಿಷಯವೂ ಹಾಗೇ. ಥಾರ್‌ನ ಹಿಂದಿನ ಹೌಸಿಂಗ್‌ನಲ್ಲಿ ಬರುವ ಮೆಕ್ಯಾನಿಕಲ್ ಲಾಕ್ ಒಳ್ಳೆಯದು. ಒಂದು ಚಕ್ರ ಇನ್ನೊಂದಕ್ಕಿಂತ ಬಹಳ ಜೋರಾಗಿ ತಿರುಗಿದ ತಕ್ಷಣ ತಾನಾಗಿಯೇ ಕಚ್ಚಿಕೊಳ್ಳುತ್ತದೆ. ಆದರೆ ಎಲ್ಲ ವೇರಿಯಂಟ್‌ನಲ್ಲೂ ಅದು ಇರುವುದಿಲ್ಲ. ನಿಮ್ಮ ಬುಕಿಂಗ್ ಫಾರಂನಲ್ಲಿ ಅದರ ಹೆಸರು ಬರೆದಿದೆಯಾ ನೋಡಿ ಸಹಿ ಹಾಕಿ.

ಥಾರ್‌ನ ನಿಜವಾದ ಕೊರತೆ ಹಿಂದಿನ ಸೀಟು. ಮುಂದಿನ ಸೀಟು ಮಡಚಿ, ಸಂದಿಯಲ್ಲಿ ಕಾಲಿಟ್ಟು ಹತ್ತಬೇಕು. ಮಕ್ಕಳು ಹಾರಿ ಕೂರುತ್ತಾರೆ. ಮಂಡಿ ನೋವಿನ ಅಮ್ಮನಿಗೆ ಅದು ಆಗದ ಮಾತು. ನಮ್ಮ ಗುಂಪಿನಲ್ಲಿ ಥಾರ್ ಇಟ್ಟುಕೊಂಡವರ ಮನೆಯಲ್ಲಿ ಇನ್ನೊಂದು ಕಾರು ಇದ್ದೇ ಇದೆ.

ದಿನಾ ಐದಾರು ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಒಂದು ಎಚ್ಚರಿಕೆ. ಈಗಿನ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಸೋಸುವ ಡಿಪಿಎಫ್ ಇರುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ದೂರ ಓಡಿದರೆ ಮಾತ್ರ ಆ ಮಸಿ ಉರಿದು ಖಾಲಿಯಾಗುತ್ತದೆ. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ ಅಂತ ಓಡಿಸಿದರೆ ಕಟ್ಟಿಕೊಂಡು ದೀಪ ಹತ್ತುತ್ತದೆ. ಅಂಥವರಿಗೆ ಪೆಟ್ರೋಲ್ ವಾಸಿ.

ರಾಕ್ಸ್: ಮನೆಯವರೆಲ್ಲ ಒಪ್ಪುವುದು

ಐದು ಬಾಗಿಲಿನ ಥಾರ್ ರಾಕ್ಸ್ 2024ರ ಆಗಸ್ಟ್‌ನಲ್ಲಿ ಬಂತು. ಭಾರತ್ ಎನ್‌ಕ್ಯಾಪ್‌ನಲ್ಲಿ ಐದು ಸ್ಟಾರ್. ಹಿಂದೆ ಮೂರು ಜನ ಆರಾಮಾಗಿ ಕೂರುತ್ತಾರೆ, ಸಾಮಾನು ಹಿಡಿಯುತ್ತದೆ, ಹೆದ್ದಾರಿಯಲ್ಲಿ ಗಟ್ಟಿಯಾಗಿ ಹೋಗುತ್ತದೆ. ಮನೆಗೆ ಒಂದೇ ಗಾಡಿ, ಬೆಂಗಳೂರಿಗೂ ಹೋಗಬೇಕು, ಹೊಲಕ್ಕೂ ಹೋಗಬೇಕು ಅನ್ನುವವರಿಗೆ ಈ ಪಟ್ಟಿಯಲ್ಲಿ ಇದಕ್ಕಿಂತ ಹೊಂದುವ ಗಾಡಿ ಇಲ್ಲ. ಜಿಮ್ನಿ ಓಡಿಸುವ ನಾನೇ ಹೇಳುತ್ತಿದ್ದೇನೆ.

ಒಂದು ಷರತ್ತು. ಪೆಟ್ರೋಲ್ ರಾಕ್ಸ್‌ನಲ್ಲಿ ಫೋರ್ ಬೈ ಫೋರ್ ಇಲ್ಲ, ಡೀಸೆಲ್‌ನಲ್ಲಿ ಮಾತ್ರ. ಅದು ಬಂದಾಗ 18.79 ಲಕ್ಷದಿಂದ ಶುರುವಾಗಿತ್ತು. ಮೇಲಿನ ವೇರಿಯಂಟ್‌ಗೆ ಹೋದರೆ 20 ಲಕ್ಷ ದಾಟಿ ಶೇ 18ರ ಆಜೀವ ತೆರಿಗೆಗೆ ಬೀಳುತ್ತೀರಿ.

ಉದ್ದದ ಗಾಡಿಗೆ ಇರುವ ತೊಂದರೆ ಇದಕ್ಕೂ ಇದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 2,850 ಮಿ.ಮೀ. ಮೂರು ಬಾಗಿಲಿನ ಥಾರ್‌ನಲ್ಲಿ ಇದು 2,450. ಕೆರೆ ಏರಿಯನ್ನು ಅಡ್ಡ ಹತ್ತಿ ಆ ಕಡೆ ಇಳಿಯುವಾಗ, ಹೊಲದ ಬದು ದಾಟುವಾಗ ರಾಕ್ಸ್‌ನ ಹೊಟ್ಟೆ ಕೆರೆಯುತ್ತದೆ. ಜಿಮ್ನಿ 2,590, ಮಧ್ಯದಲ್ಲಿದೆ. ಹೊರದೇಶದ ಮೂರು ಬಾಗಿಲಿನ ಜಿಮ್ನಿಗಿಂತ ನಮ್ಮದು 340 ಮಿ.ಮೀ. ಉದ್ದ. ಥಾರ್‌ನವರು ಇದನ್ನು ಎತ್ತಿ ಆಡಿದಾಗ ನಾವು ಒಪ್ಪಿಕೊಳ್ಳಲೇಬೇಕು.

ಗೂರ್ಖಾ: ಎರಡು ಲಾಕಿನ ಮಾತು

ಗೂರ್ಖಾದವರು ಸಂಖ್ಯೆಯಲ್ಲಿ ಕಮ್ಮಿ, ಅಭಿಮಾನದಲ್ಲಿ ಜಾಸ್ತಿ. ಅವರ ಅಭಿಮಾನಕ್ಕೆ ಕಾರಣ ಇದೆ. ಮುಂದೆ ಒಂದು, ಹಿಂದೆ ಒಂದು, ಎರಡೂ ಕಡೆ ಡಿಫ್ ಲಾಕ್, ಕೈಯಿಂದ ಎಳೆದು ಹಾಕುವಂಥದ್ದು. ಕಂಪನಿಯಿಂದಲೇ ಸ್ನಾರ್ಕೆಲ್ (ಇಂಜಿನ್‌ಗೆ ಮೇಲಿನಿಂದ ಗಾಳಿ ಎಳೆಯುವ ಕೊಳವೆ), 700 ಮಿ.ಮೀ. ನೀರಿಗೆ ಇಳಿಯುವ ಶಕ್ತಿ. ಮರ್ಸಿಡಿಸ್ ಮೂಲದ 2.6 ಲೀಟರ್ ಡೀಸೆಲ್ ಇಂಜಿನ್ 2021ರಲ್ಲಿ 91 ಪಿಎಸ್ ಇತ್ತು, 2024ರಲ್ಲಿ 140 ಪಿಎಸ್, 320 ಎನ್‌ಎಂಗೆ ಏರಿತು. ಹಳೆಯ 91 ಪಿಎಸ್ ಗಾಡಿ ಸೆಕೆಂಡ್ ಹ್ಯಾಂಡ್‌ನಲ್ಲಿ ಕಮ್ಮಿಗೆ ಸಿಕ್ಕರೂ ಹೆದ್ದಾರಿಯಲ್ಲಿ ಬೇಸರ ತರಿಸುತ್ತದೆ. 2024ರದ್ದನ್ನೇ ನೋಡಿ.

ಗುಡ್ಡದ ಏರಿನಲ್ಲಿ ಒಂದು ಚಕ್ರ ಮೇಲೆದ್ದು ಗಾಡಿ ನಿಂತಾಗ ಗೂರ್ಖಾ ಲಾಕ್ ಹಾಕಿಕೊಂಡು ಅಳುಕದೆ ಹತ್ತುವುದನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ನನಗೂ ಆಗಿದೆ. ಆದರೆ ಎರಡು ಲಾಕ್ ಬೇಕಾಗುವಂಥ ದಾರಿ ನಮ್ಮ ಸೀಮೆಯಲ್ಲಿ ದಿನನಿತ್ಯ ಎದುರಾಗುವುದಿಲ್ಲ. ಎರೆಯಲ್ಲಿ ಲಾಕ್ ಒಂದೇ ದಾರಿ ತೋರಿಸುವುದಿಲ್ಲ. ಟೈರಿನ ಹಲ್ಲು ತುಂಬಿಹೋದರೆ ನಾಲ್ಕೂ ಚಕ್ರ ಒಟ್ಟಿಗೇ ಜಾರುತ್ತವೆ. ಮುಂದಿನ ಲಾಕ್ ಹಾಕಿದರೆ ಸ್ಟೀರಿಂಗ್ ಬಿಗಿಯಾಗುವುದೂ ನೆನಪಿರಲಿ.

ಆಟೋಮ್ಯಾಟಿಕ್ ಇಲ್ಲ. ಏರ್‌ಬ್ಯಾಗ್ ಎರಡೇ. 2024ರಲ್ಲಿ ಮೂರು ಬಾಗಿಲಿನದು 16.75 ಲಕ್ಷ, ಐದು ಬಾಗಿಲಿನ ಏಳು ಸೀಟಿನದು 18 ಲಕ್ಷ ಇತ್ತು. ಷೋರೂಂ, ಸರ್ವಿಸ್ ಸೆಂಟರ್ ಉಳಿದೆರಡು ಕಂಪನಿಗಳಷ್ಟು ಎಲ್ಲ ಊರಲ್ಲೂ ಸಿಗುವುದಿಲ್ಲ. ತಗೊಳ್ಳುವ ಮುಂಚೆ ನಿಮಗೆ ಹತ್ತಿರದ ಸರ್ವಿಸ್ ಎಲ್ಲಿ, ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಅಂತ ಈಗಾಗಲೇ ಇಟ್ಟುಕೊಂಡವರ ಹತ್ತಿರವೇ ಕೇಳಿ.

ಹಳೇ ಜೀಪು, ಜಿಪ್ಸಿ: ಕಾಗದ ಮೊದಲು, ಇಂಜಿನ್ ಆಮೇಲೆ

ಐದಾರು ಲಕ್ಷ ಮಾತ್ರ ಇದೆ ಅನ್ನುವವರು ಇಲ್ಲಿಗೆ ಬರುತ್ತಾರೆ. ಮಹೀಂದ್ರಾದ ಎಂಎಂ 540, ಎಂಎಂ 550, ಕ್ಲಾಸಿಕ್, ಇಲ್ಲವೇ ಮಾರುತಿ ಜಿಪ್ಸಿ. ಜಿಪ್ಸಿ 1985ರಲ್ಲಿ ಬಂತು, ಮೂರು ದಶಕಕ್ಕೂ ಹೆಚ್ಚು ಕಾಲ ಮಾರಾಟವಾಯಿತು. ಆಮೇಲೆ ಬಂದ 1.3 ಲೀಟರಿನ ಜಿಪ್ಸಿ ಕಿಂಗ್ ಹಗುರವಾದ, ಚುರುಕಾದ ಗಾಡಿ. ಕೆಸರಿನಲ್ಲಿ ಇವತ್ತಿಗೂ ಹೊಸ ಗಾಡಿಗಳಿಗೆ ಸವಾಲು ಹಾಕುತ್ತದೆ. ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಹಾಗಾಗಿ ಬೆನ್ನಿಗೆ ಕಷ್ಟ. ಏರ್‌ಬ್ಯಾಗ್ ಇಲ್ಲ.

"ಸ್ಪ್ಯಾನರ್ ಸಾಕು" ಅನ್ನುವ ಜೀಪಿನ ಅಣ್ಣನ ಮಾತು ಪೂರ್ತಿ ನಿಜ. ಹಳೇ ಡೀಸೆಲ್ ಜೀಪನ್ನು ಯಾವ ತಾಲ್ಲೂಕು ಕೇಂದ್ರದ ಗ್ಯಾರೇಜಿನಲ್ಲಾದರೂ ಬಿಚ್ಚಿ ಜೋಡಿಸುತ್ತಾರೆ. ಆದರೆ ಅವರು ಹೇಳದೆ ಬಿಡುವ ಮಾತೊಂದಿದೆ, ಆ ಸ್ಪ್ಯಾನರ್ ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಅದನ್ನು ಪ್ರೀತಿಸುವವರಿಗೆ ಮಾತ್ರ ಈ ಗಾಡಿ.

ಇಲ್ಲಿ ನಿಜವಾದ ಅಪಾಯ ಕಾಗದದ್ದು. ಬೇರೆ ರಾಜ್ಯದಲ್ಲಿ ಹೊಸ ಬಾಡಿ ಕಟ್ಟಿ, ಇನ್ಯಾವುದೋ ಗಾಡಿಯ ಆರ್‌ಸಿ ಹಚ್ಚಿ ಮಾರುವ ಜೀಪುಗಳಿವೆ. ಬಣ್ಣ ಫಳಫಳ ಅನ್ನುತ್ತದೆ, ಟೈರು ದಪ್ಪ ಇರುತ್ತದೆ. ಅದಕ್ಕೆ ಮರುಳಾಗಬೇಡಿ. ಚಾಸಿಸ್ ಮೇಲೆ ಕೊರೆದ ನಂಬರನ್ನು ಬ್ರಷ್‌ನಿಂದ ಉಜ್ಜಿ, ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಇಂಜಿನ್ ನಂಬರ್ ಕೂಡ. ಆರ್‌ಸಿಯಲ್ಲಿ ಪೆಟ್ರೋಲ್ ಅಂತ ಇದ್ದು ಒಳಗೆ ಡೀಸೆಲ್ ಇಂಜಿನ್ ಕೂತಿದ್ದರೆ ಅಲ್ಲೇ ಬಿಟ್ಟು ಬನ್ನಿ. 15 ವರ್ಷ ಆದ ಮೇಲೆ ನೋಂದಣಿ ನವೀಕರಣ ಆಗಬೇಕು. 20 ವರ್ಷ ದಾಟಿದ ಕಾರು, ಜೀಪಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರಲ್ಲಿ 10,000 ರೂಪಾಯಿಗೆ ಏರಿಸಿದೆ.

ಹೊಸ ಗಾಡಿಯವರಿಗೂ ಇದು ಅನ್ವಯಿಸುತ್ತದೆ. ಕಂಪನಿ ಕೊಟ್ಟ ಮೂಲ ರಚನೆಯನ್ನು ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮುಂದೆ ಹಾಕುವ ಕಬ್ಬಿಣದ ಬುಲ್ ಬಾರ್‌ಗೆ 2017ರಲ್ಲೇ ಕೇಂದ್ರ ತಡೆ ಹಾಕಿದೆ. ಎತ್ತರಿಸಿದ ಸಸ್ಪೆನ್ಷನ್, ಮಡ್‌ಗಾರ್ಡ್ ದಾಟಿ ಹೊರಬರುವ ಟೈರು ಹಾಕಿ ಅಪಘಾತವಾದರೆ ವಿಮೆಯವರ ಜೊತೆ ಜಗಳ ತಪ್ಪಿದ್ದಲ್ಲ.

ಫೋರ್ ಬೈ ಫೋರ್ ಬೇಕೇ ಬೇಕಾ?

ಮಸಾರಿ ಹೊಲ, ಗರಸಿನ ದಾರಿ, ವರ್ಷದಲ್ಲಿ ನಾಲ್ಕೈದು ದಿನ ಮಾತ್ರ ಕೆಸರು. ನಿಮ್ಮದು ಹೀಗಾದರೆ ಬೊಲೆರೊ ಸಾಕು. ಬೊಲೆರೊ ನಿಯೋದ ಎನ್10 ಓ ವೇರಿಯಂಟ್‌ನಲ್ಲಿ ಹಿಂದಿನ ಚಕ್ರಗಳಿಗೆ ಡಿಫ್ ಲಾಕ್ ಬರುತ್ತದೆ. ಫೋರ್ ಬೈ ಫೋರ್ ಇಲ್ಲ, ಆದರೆ ಒಂದು ಚಕ್ರ ಗುಂಡಿಯಲ್ಲಿ ಸಿಕ್ಕಿದರೆ ಹೊರಬರುತ್ತದೆ. ನಾಲ್ಕು ಮೀಟರ್ ಒಳಗಿನ 1.5 ಡೀಸೆಲ್, ಹಾಗಾಗಿ ಶೇ 18ರ ಜಿಎಸ್‌ಟಿ. ಏಳು ಜನ ಕೂರಬಹುದು. ಉಳಿದ ದುಡ್ಡಿನಲ್ಲಿ ಒಳ್ಳೆಯ ಟೈರು ಹಾಕಿಸಿ. ಈ ಸಲಹೆ ಕೊಟ್ಟರೆ ಹುಡುಗರ ಮುಖ ಸಪ್ಪೆಯಾಗುತ್ತದೆ, ಗೊತ್ತು. ಆದರೆ ಸಾಲ ಮಾಡಿ ಫೋರ್ ಬೈ ಫೋರ್ ತಗೊಂಡು ಮಳೆಗಾಲದಲ್ಲಿ ಷೆಡ್‌ನಲ್ಲಿ ನಿಲ್ಲಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು? ಅಡಿಕೆ ತೋಟ, ನಾಲೆ ದಂಡೆ, ಇಕ್ಕಟ್ಟಿನ ದಾರಿ, ಮನೆಯಲ್ಲಿ ಮೂರು ನಾಲ್ಕು ಜನ, ಹೆದ್ದಾರಿಯಲ್ಲಿ ಅವಸರ ಇಲ್ಲ ಅನ್ನುವವರು ಜಿಮ್ನಿ ತಗೊಳ್ಳಿ. ಎರೆ ಹೊಲಕ್ಕೆ ಸಾಮಾನು ಹೊತ್ತು ಹೋಗಬೇಕು, ಟ್ರೇಲರ್ ಎಳೆಯಬೇಕು, ಮನೆಯಲ್ಲಿ ಬೇರೆ ಕಾರಿದೆ ಅನ್ನುವವರಿಗೆ 2.2 ಡೀಸೆಲ್ ಥಾರ್, ಲಾಕ್ ಇರುವುದು. ಒಂದೇ ಗಾಡಿಯಲ್ಲಿ ಎಲ್ಲ ಆಗಬೇಕು, ದುಡ್ಡಿದೆ ಅಂದರೆ ಡೀಸೆಲ್ ರಾಕ್ಸ್. ಗುಡ್ಡ, ಕಲ್ಲು, ದೂರದ ಪ್ರವಾಸವೇ ನಿಮ್ಮ ಹುಚ್ಚು, ಗ್ಯಾರೇಜಿನ ಓಡಾಟಕ್ಕೆ ಬೇಸರ ಇಲ್ಲ ಅಂದರೆ ಗೂರ್ಖಾ.

ಟೆಸ್ಟ್ ಡ್ರೈವ್ ಅಂತ ಷೋರೂಂನವರು ಬೈಪಾಸ್‌ನಲ್ಲಿ ಒಂದು ಸುತ್ತು ಹೊಡೆಸಿ ಕಳಿಸುತ್ತಾರೆ. ಅದರಿಂದ ಸೀಟು, ಎಸಿ ಗೊತ್ತಾಗುತ್ತದೆ, ಅಷ್ಟೇ. ಈಗಾಗಲೇ ಗಾಡಿ ಇರುವವರನ್ನು ಹಿಡಿಯಿರಿ. ಒಂದು ಥಾರ್, ಒಂದು ಜಿಮ್ನಿ, ಎರಡನ್ನೂ ಒಂದೇ ದಿನ ನಿಮ್ಮ ಹೊಲಕ್ಕೇ ಕರೆಸಿ. ಇವರಿಬ್ಬರ ನಡುವೆ ಪೈಪೋಟಿ ಇರುವುದರಿಂದ ಕರೆದರೆ ಇಲ್ಲ ಅನ್ನುವುದಿಲ್ಲ, ಇನ್ನೊಬ್ಬರ ಗಾಡಿಯ ದೋಷವನ್ನೂ ಮುಚ್ಚಿಡದೆ ತೋರಿಸುತ್ತಾರೆ. ಮಳೆ ಬಿದ್ದ ಮಾರನೇ ದಿನವಾದರೆ ಇನ್ನೂ ಒಳ್ಳೆಯದು.

ಓಡಿಸುವಾಗ ಮೂರು ವಿಷಯ ಗಮನದಲ್ಲಿರಲಿ. ಇವೆಲ್ಲ ಬೇಕಾದಾಗ ಮಾತ್ರ ಹಾಕುವ ಫೋರ್ ಬೈ ಫೋರ್. ಒಣ ಟಾರ್ ರಸ್ತೆಯಲ್ಲಿ ಹಾಕಿಕೊಂಡು ತಿರುವು ತಗೊಂಡರೆ ಮುಂದಿನ, ಹಿಂದಿನ ಚಕ್ರಗಳು ಒಂದಕ್ಕೊಂದು ಜಗ್ಗಾಡಿ ಗೇರ್‌ಗೆ ಪೆಟ್ಟು. ಎರಡನೆಯದು, ಮಾರಿಕಣಿವೆ ಹಿನ್ನೀರು ಇಳಿದ ಜಾಗ, ಕೆರೆಯಂಗಳ. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಒಳಗೆ ಗೋಡು ಮೆತ್ತಗಿರುತ್ತದೆ. ಇಳಿದು ನಡೆದು ನೋಡದೆ ಯಾವ ಗಾಡಿಯನ್ನೂ ಇಳಿಸಬೇಡಿ. ಮೂರನೆಯದು ಕಾಡು. ಜೋಗಿಮಟ್ಟಿಯಲ್ಲಿ, ರಂಗಯ್ಯನದುರ್ಗದ ಕೊಂಡುಕುರಿ ಧಾಮದಲ್ಲಿ ದಾರಿ ಬಿಟ್ಟು ಗಾಡಿ ನುಗ್ಗಿಸುವಂತಿಲ್ಲ, ಕಾನೂನು ಒಪ್ಪುವುದಿಲ್ಲ. ಅಲ್ಲಿನ ಪ್ರಾಣಿಗಳಿಗೆ ನಮ್ಮ ಪೈಪೋಟಿಯಿಂದ ಆಗಬೇಕಾದ್ದೇನೂ ಇಲ್ಲ.

ಕೊನೆಯದಾಗಿ, ಬುಕ್ ಮಾಡುವಾಗ ಬಜೆಟ್‌ನಲ್ಲಿ ಹದಿನೈದು, ಇಪ್ಪತ್ತು ಸಾವಿರ ಪಕ್ಕಕ್ಕಿಡಿ. ಗಾಡಿಯ ತೂಕಕ್ಕೆ ತಕ್ಕ ಎಳೆಯುವ ಬೆಲ್ಟು, ಎರಡು ಶಾಕಲ್ (ಬೆಲ್ಟ್ ಸಿಕ್ಕಿಸುವ ಕೊಂಡಿ), ಒಂದು ಸಲಿಕೆ, ಬ್ಯಾಟರಿಗೆ ಹಾಕುವ ಗಾಳಿ ಪಂಪು ಮತ್ತು ಮೀಟರ್. ಕೆಸರಿಗೆ ಇಳಿಯುವ ಮುಂಚೆ ಟೈರಿನ ಗಾಳಿಯನ್ನು 18ರಿಂದ 20 ಪಿಎಸ್‌ಐಗೆ ಇಳಿಸಿ, ಟಾರ್ ರಸ್ತೆಗೆ ಬಂದ ತಕ್ಷಣ ಮತ್ತೆ ತುಂಬಿಸಿ. ಎಳೆಯುವಾಗ ಬೆಲ್ಟನ್ನು ಗಾಡಿಯ ಟೋ ಹುಕ್‌ಗೆ ಮಾತ್ರ ಹಾಕಿ, ಬಂಪರ್‌ಗೆ ಬೇಡ. ಬೆಲ್ಟಿನ ಆಜೂಬಾಜೂ ಯಾರೂ ನಿಲ್ಲದ ಹಾಗೆ ನೋಡಿಕೊಳ್ಳಿ. ಅದು ಕಿತ್ತು ಬಂದರೆ ಕಾಲು ಮುರಿಯುವಷ್ಟು ಜೋರಾಗಿ ಬಡಿಯುತ್ತದೆ.